ಪವಿತ್ರ ಕುಟುಂಬದ ಹಬ್ಬ ಮತ್ತು ರಾಮನಗರದ ಮಣಿಸರ

ಕ್ರಿಸ್ತಜಯಂತಿಯ ನಂತರದ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಮನೆಯ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ, ಕಜ್ಜಾಯದ ಡಬ್ಬಿ ಆಗಲೇ ತಳ ಕಂಡಿರುತ್ತದೆ. ಅಂದಿನ ಪ್ರಬೋಧನೆಯಲ್ಲಿ ಸಂತ ಜೋಸೆಫರ ಮೌನ, ಮಾತೆ ಮರಿಯಮ್ಮನವರ ಸಹನೆ, ಬಾಲಯೇಸುವಿನ ವಿಧೇಯತೆ ಕುರಿತು ಪ್ರತಿ ವರ್ಷ ಕೇಳುತ್ತೇವೆ. ಕೇಳಬೇಕಾದ ಮಾತುಗಳೇ ಅವು. ಆದರೆ ಸಂತ ಲೂಕರು ಯೇಸುವಿನ ಜನನದ ಅಧ್ಯಾಯವನ್ನು ಶುರು ಮಾಡುವುದು ಮನೆಯೊಳಗಿಂದಲ್ಲ, ಅರಮನೆಯ ಆಜ್ಞೆಯಿಂದ. ರೋಮ್ ಚಕ್ರವರ್ತಿ ಅಗಸ್ಟಸನಿಗೆ ತನ್ನ ಪ್ರಜೆಗಳೆಷ್ಟು ಎಂದು ಎಣಿಸಬೇಕಾಗಿತ್ತು. ಆ ಲೆಕ್ಕಕ್ಕಾಗಿ ದಿನ ತುಂಬುತ್ತಿದ್ದ ಒಬ್ಬ ಗರ್ಭಿಣಿ ನಜರೇತಿನಿಂದ ಬೆತ್ಲೆಹೇಮಿನವರೆಗೆ ಹೋಗಬೇಕಾಯಿತು. "ನಿನ್ನ ಕೈಲಾಗುತ್ತದೆಯೇ ತಾಯಿ?" ಎಂದು ಯಾವ ಅಧಿಕಾರಿಯೂ ಕೇಳಿದಂತಿಲ್ಲ. ಸಂತ ಮತ್ತಾಯರಲ್ಲಿ ಇನ್ನೊಬ್ಬ ಅರಸನಿದ್ದಾನೆ, ಹೆರೋದ. ಅವನಿಗೆ ಬಲಿಯಾದ ಹಸುಳೆಗಳನ್ನು ಡಿಸೆಂಬರ್ 28ರಂದು ನೆನೆಯುತ್ತೇವೆ. ಇನ್ನೂ ಹಿಂದಕ್ಕೆ, ವಿಮೋಚನಾಕಾಂಡದ ಮೊದಲ ಅಧ್ಯಾಯಕ್ಕೆ ಹೋದರೆ, ಗಂಡು ಕೂಸುಗಳನ್ನು ಹುಟ್ಟುವಾಗಲೇ ಮುಗಿಸಿರೆಂದ ಫರೋಹನ ಮಾತನ್ನು ಮೀರಿದ ಇಬ್ಬರು ಸೂಲಗಿತ್ತಿಯರು ಕಾಣಸಿಗುತ್ತಾರೆ.

ಹೆರಿಗೆಯ ಕೋಣೆಗೂ ಅರಮನೆಗೂ ಇರುವ ಈ ನಂಟನ್ನೇ ತಮ್ಮ ಅಧ್ಯಯನದ ವಿಷಯ ಮಾಡಿಕೊಂಡ ಇತಿಹಾಸಕಾರರಿದ್ದಾರೆ. ಅವರಲ್ಲೊಬ್ಬರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮೈಥಿಲಿ ಶ್ರೀನಿವಾಸ್. ಆಧುನಿಕ ಭಾರತದಲ್ಲಿ ಸಂತಾನದ ರಾಜಕಾರಣ ಹೇಗೆ ಬೆಳೆಯಿತು ಎಂಬುದರ ಬಗ್ಗೆ ಅವರು ಬರೆದ ಗ್ರಂಥ 2021ರಲ್ಲಿ ಪ್ರಕಟವಾಯಿತು. ಅವರ ಪ್ರಶ್ನೆ ಸರಳವಾದದ್ದು. ಒಂದು ಹೆಣ್ಣು ಎಷ್ಟು ಮಕ್ಕಳನ್ನು ಹೆರಬೇಕು ಎಂಬುದು ದೇಶದ ಆರ್ಥಿಕ ಲೆಕ್ಕವಾಗಿ ಬದಲಾದದ್ದು ಯಾವಾಗ, ಬದಲಾಯಿಸಿದವರು ಯಾರು?

ಈ ವಿಷಯ ನಮಗೇಕೆ ಎಂದು ಕೇಳುವವರಿಗೆ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಮದುವೆ ತರಬೇತಿ ಶಿಬಿರವೊಂದರಲ್ಲಿ ನಾನೂ ನನ್ನ ಶ್ರೀಮತಿಯೂ ಕುಟುಂಬ ಜೀವನದ ಬಗ್ಗೆ ಒಂದು ತಾಸು ಮಾತಾಡಿದೆವು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅಂಕಲ್, ಸ್ವಾಮಿಯೋರು ಒಂದು ಹೇಳ್ತಾರೆ, ಡಾಕ್ಟ್ರು ಒಂದು ಹೇಳ್ತಾರೆ, ಅತ್ತೆ ಆಗೋರು ಈಗಲೇ ಇನ್ನೊಂದು ಹೇಳ್ತಿದ್ದಾರೆ. ನನ್ನನ್ನ ಯಾರು ಕೇಳ್ತಾರೆ?" ಎಂದಳು. ಎಲ್ಲರೂ ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಈ ಇತಿಹಾಸವನ್ನು ಓದತೊಡಗಿದೆ.

ಕಥೆ ಶುರುವಾಗುವುದು ಒಂದು ಬರಗಾಲದಿಂದ. 1876ರಿಂದ 1878ರವರೆಗಿನ ಆ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ನೆಲ ಕಚ್ಚಿತು. 1871ರ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರವಿತ್ತು; 1881ರ ಗಣತಿಯಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ರಾಜರಾಜೇಶ್ವರಿನಗರದ ನಾವು ನಾಯಂಡಹಳ್ಳಿ, ಕೆಂಗೇರಿ ಕಡೆಯಿಂದ ದಿನವೂ ರೈಲಿನ ಸದ್ದು ಕೇಳುತ್ತೇವಲ್ಲ, ಆ ಬೆಂಗಳೂರು-ಮೈಸೂರು ಹಳಿಯ ಮಣ್ಣು ಕೆಲಸ ಆರಂಭವಾದದ್ದೇ ಬರ ಪರಿಹಾರದ ಕಾಮಗಾರಿಯಾಗಿ. ಹಸಿದವರು ಹೊತ್ತ ಮಣ್ಣು ಅದು. ನಗರದ ಉತ್ತರಕ್ಕಿರುವ ಸಿಲುವೆಪುರವೂ ಆ ಬರದ ಅನಾಥ ಮಕ್ಕಳಿಗಾಗಿ ನಮ್ಮ ಮಿಷನರಿ ಗುರುಗಳು ಕಟ್ಟಿಸಿದ ಊರು.

ಇಷ್ಟು ಜನ ಸತ್ತದ್ದೇಕೆ? ಮಳೆ ಬರಲಿಲ್ಲ ನಿಜ. ಧಾನ್ಯ ಹೊರದೇಶಕ್ಕೆ ಸಾಗುತ್ತಲೇ ಇತ್ತು, ಬೆಲೆ ಕೈಗೆಟುಕದಷ್ಟು ಏರಿತ್ತು, ಪರಿಹಾರದ ಕೂಲಿ ಅರೆಹೊಟ್ಟೆಗೂ ಸಾಲದಿತ್ತು. ಆದರೆ ಹಲವು ಬ್ರಿಟಿಷ್ ಅಧಿಕಾರಿಗಳಿಗೆ ಬೇರೊಂದು ವಿವರಣೆ ಅನುಕೂಲವಾಗಿ ಕಂಡಿತು: ಈ ದೇಶದಲ್ಲಿ ಜನ ಹೆಚ್ಚು, ಹೆರುವುದು ಹೆಚ್ಚು. ಮೈಥಿಲಿ ಶ್ರೀನಿವಾಸ್ ಅವರು ಬೆರಳಿಟ್ಟು ತೋರಿಸುವುದು ಇಲ್ಲಿಗೇ. ಬಡತನಕ್ಕೆ ಕಾರಣ ಆಡಳಿತವಲ್ಲ, ಬಡವರ ಮಕ್ಕಳು ಎಂಬ ಮಾತಿಗೆ ಬೇರು ಸಿಕ್ಕಿದ್ದು ಆ ದಿನಗಳಲ್ಲಿ. ಇತ್ತ ಬರ ಕಾಡುತ್ತಿದ್ದಾಗ 1877ರಲ್ಲಿ ಲಂಡನ್ನಿನಲ್ಲಿ ಸಂತಾನ ನಿಯಂತ್ರಣದ ಪುಸ್ತಕ ಮುದ್ರಿಸಿದ್ದಕ್ಕಾಗಿ ಅನಿ ಬೆಸೆಂಟರ ಮೇಲೆ ಮೊಕದ್ದಮೆ ನಡೆಯುತ್ತಿತ್ತು. ಮುಂದೆ ನಮ್ಮ ದೇಶಕ್ಕೆ ಬಂದು ನೆಲೆಸಿದ ಅದೇ ಬೆಸೆಂಟರು!

ಮುಂದಿನ ಅರ್ಧ ಶತಮಾನವನ್ನು ಬೇಗ ದಾಟೋಣ. 1930ನೇ ಇಸವಿಗೆ ಬಂದರೆ ಮೂರು ಘಟನೆಗಳು ಒಂದೇ ವರ್ಷದಲ್ಲಿ ಸಾಲಾಗಿ ನಿಲ್ಲುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರ ಜೂನ್ 11ರಂದು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಪ್ರಪಂಚದಲ್ಲೇ ಮೊದಲು ಎಂದು ಹೇಳುವುದುಂಟು. ಆಗಸ್ಟ್‌ನಲ್ಲಿ ಆಂಗ್ಲಿಕನ್ ಬಿಷಪರ ಲ್ಯಾಂಬೆತ್ ಸಮ್ಮೇಳನ ಕೆಲವು ಸಂದರ್ಭಗಳಲ್ಲಿ ಕೃತಕ ವಿಧಾನಗಳಿಗೆ ಬಾಗಿಲು ಸ್ವಲ್ಪ ತೆರೆಯಿತು. ಡಿಸೆಂಬರ್ 31ರಂದು ಜಗದ್ಗುರು ಹನ್ನೊಂದನೇ ಪಯಸ್‌ರವರು 'ಕಾಸ್ತಿ ಕೊನ್ನೂಬಿ' ಎಂಬ ಪರಿಪತ್ರದಲ್ಲಿ ಆ ಬಾಗಿಲನ್ನು ಕಥೋಲಿಕರಿಗೆ ಮುಚ್ಚಿದರು. ಬೆಂಗಳೂರಿನ ಕಥೋಲಿಕ ತಾಯಿಗೆ ಸರ್ಕಾರದ ಮಾತೊಂದು, ಧರ್ಮಸಭೆಯ ಮಾತೊಂದು ಆದದ್ದು ಹೀಗೆ ಒಂದೇ ವರ್ಷದಲ್ಲಿ. ಶಿಬಿರದ ಆ ಹುಡುಗಿಯ ಪ್ರಶ್ನೆ ಅಷ್ಟು ಹಳೆಯದು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಿಸ್ಟರುಗಳು 1886ರಲ್ಲೇ ಸಂತ ಮಾರ್ತಾ ಆಸ್ಪತ್ರೆ ತೆರೆದರು, ಸರಿ. ಆದರೆ ಕನ್ಯಾಸ್ತ್ರೀಯರು ವೈದ್ಯರಾಗಿ ಹೆರಿಗೆ ಮಾಡಿಸುವುದಕ್ಕೆ ಧರ್ಮಸಭೆಯ ನಿಯಮ ಬಹುಕಾಲ ಅಡ್ಡಿಯಾಗಿತ್ತು. ಗಂಡು ವೈದ್ಯರ ಮುಂದೆ ಬರಲೊಪ್ಪದ ನಮ್ಮ ದೇಶದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದಾರೆ, ಸಿಸ್ಟರುಗಳಿಗೆ ವೈದ್ಯ ಓದಲು ಬಿಡಿ ಎಂದು ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್ಲಾರೆನ್ ರೋಮಿನವರೆಗೂ ಹೋಗಿ ಬೇಡಿಕೊಂಡರು. ಆಸ್ಟ್ರೇಲಿಯಾದಿಂದ ಗುಂಟೂರಿಗೆ ಬಂದ ಡಾ. ಮೇರಿ ಗ್ಲೌರಿಯವರು 1920ರಲ್ಲಿ ವಿಶೇಷ ಅನುಮತಿ ಪಡೆದು ಕನ್ಯಾಸ್ತ್ರೀಯಾಗಿಯೂ ವೈದ್ಯೆಯಾಗಿ ಉಳಿದರು. ಎಲ್ಲ ಸಿಸ್ಟರುಗಳಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ. ಅಲ್ಲಿಯವರೆಗೆ ಕಾದ ತಾಯಂದಿರ ಲೆಕ್ಕ ಯಾವ ಗಣತಿಯಲ್ಲೂ ಇಲ್ಲ. ಗ್ಲೌರಿಯವರು 1957ರ ಮೇ ತಿಂಗಳಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ. 1963ರಲ್ಲಿ ಇಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಗುವುದರ ಹಿಂದೆ ಅವರ ಕನಸೂ ಇತ್ತು.

ಈಗ ರಾಮನಗರಕ್ಕೆ ಬರೋಣ. ನಮ್ಮ ಆರ್ಚ್ ಬಳಿ ಮೈಸೂರು ರಸ್ತೆಯ ಬಸ್ಸು ಹಿಡಿದರೆ ಕೆಂಗೇರಿ, ಬಿಡದಿ ದಾಟಿ ಒಂದು ತಾಸಿನ ದಾರಿ. ಹಿಂದೆ ಅದು ಕ್ಲೋಸ್‌ಪೇಟೆ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು, ಊರು ರಾಮನಗರವಾಗಿಯೇ ಉಳಿದಿದೆ. ರೇಷ್ಮೆಗೂಡಿನ ಮಾರುಕಟ್ಟೆ, ಬಂಡೆಯ ಬೆಟ್ಟಗಳು, 'ಶೋಲೆ' ಸಿನಿಮಾ ಎಂದರೆ ಎಲ್ಲರಿಗೂ ನೆನಪಾಗುತ್ತದೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಆ ಊರು ವಿಶ್ವ ಆರೋಗ್ಯ ಸಂಸ್ಥೆಯ ಕಡತಗಳಲ್ಲಿ ಬೇರೆಯೇ ಕಾರಣಕ್ಕೆ ಸೇರಿತ್ತು.

ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರು ಕ್ರೈಸ್ತ ಮನೆತನದವರು, ಗಾಂಧೀಜಿಯವರ ಆಶ್ರಮದಲ್ಲಿ ಪಳಗಿದವರು. ಗಾಂಧೀಜಿಯವರಿಗೆ ಕೃತಕ ವಿಧಾನಗಳು ಒಪ್ಪಿಗೆಯಿರಲಿಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದಾಗ, ತಿಂಗಳ ಸುರಕ್ಷಿತ ದಿನಗಳನ್ನು ಅನುಸರಿಸುವುದರಲ್ಲಾದರೂ ಸ್ವಲ್ಪ ಸಂಯಮವಿದೆ ಎಂಬಷ್ಟಕ್ಕೆ ಮಾತ್ರ ಅವರು ಇಳಿದು ಬಂದರು. ಅಮೃತ್ ಕೌರ್ ಹಿಡಿದುಕೊಂಡದ್ದು ಅದೇ ಎಳೆಯನ್ನು. ಜನಸಂಖ್ಯೆಯ ಬಗ್ಗೆ ಏನಾದರೂ ಮಾಡಲೇಬೇಕೆಂಬ ಒತ್ತಡ ಸಂಪುಟದೊಳಗೆ ಹೆಚ್ಚಿದಾಗ ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು, ಆದರೆ ಸುರಕ್ಷಿತ ದಿನಗಳ ವಿಧಾನಕ್ಕೆ ಮಾತ್ರ. 1951ರ ಕೊನೆಯ ಭಾಗದಲ್ಲಿ ನ್ಯೂಯಾರ್ಕಿನಿಂದ ಡಾ. ಅಬ್ರಹಾಂ ಸ್ಟೋನ್ ಬಂದರು. ಅದೇ ಅಕ್ಟೋಬರ್ 29ರಂದು ಜಗದ್ಗುರು ಹನ್ನೆರಡನೇ ಪಯಸ್‌ರವರು ಇಟಲಿಯ ಸೂಲಗಿತ್ತಿಯರಿಗೆ ನೀಡಿದ ಭಾಷಣದಲ್ಲಿ, ಗಂಭೀರ ಕಾರಣಗಳಿದ್ದರೆ ದಂಪತಿಗಳು ಈ ದಿನಗಳನ್ನು ಅನುಸರಿಸಬಹುದೆಂದು ಹೇಳಿದ್ದರು. ವಾರ್ಧಾ ಮತ್ತು ರೋಮ್ ಅಪರೂಪಕ್ಕೆ ಒಂದೇ ಮಾತಿಗೆ ಬಂದಿದ್ದವು!

ಆದರೂ ಜಗಳ ತಪ್ಪಲಿಲ್ಲ. 1952ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯಲ್ಲಿ ನಾರ್ವೆಯ ಡಾ. ಕಾರ್ಲ್ ಎವಾಂಗ್ ಈ ವಿಷಯಕ್ಕೊಂದು ತಜ್ಞರ ಸಮಿತಿ ಬೇಕೆಂದಾಗ ಬೆಲ್ಜಿಯಂ, ಐರ್ಲೆಂಡ್, ಇಟಲಿ ಮುಂತಾದ ಕಥೋಲಿಕ ದೇಶಗಳು ಎದ್ದು ನಿಂತವು. ಪ್ರಸ್ತಾಪ ಬಿದ್ದುಹೋಯಿತು. ಭಾರತದ ಪ್ರಯೋಗ ಮಾತ್ರ ಮುಂದುವರಿಯಿತು, ದೆಹಲಿಯ ಲೋದಿ ಕಾಲೊನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ.

ವಿಧಾನದ ಒಳಗುಟ್ಟು ಇಷ್ಟೇ. ಜಪಾನಿನ ಒಗಿನೋ, ಆಸ್ಟ್ರಿಯಾದ ಕ್ನಾವುಸ್ ಎಂಬ ವೈದ್ಯರು 1920ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡಂತೆ, ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಅಂಡದ ಆಯುಸ್ಸು ಒಂದು ದಿನ; ಪುರುಷ ಬೀಜ ಐದು ದಿನಗಳವರೆಗೂ ಬದುಕಬಲ್ಲದು. ಆದ್ದರಿಂದ ಹೆಂಗಸು ಕೆಲವು ತಿಂಗಳು ತನ್ನ ಮುಟ್ಟಿನ ದಿನಗಳನ್ನು ಬರೆದಿಟ್ಟುಕೊಳ್ಳಬೇಕು. ಅತಿ ಚಿಕ್ಕ ಚಕ್ರದಿಂದ 18 ಕಳೆದರೆ ಗರ್ಭ ನಿಲ್ಲಬಹುದಾದ ಮೊದಲ ದಿನ, ಅತಿ ದೊಡ್ಡ ಚಕ್ರದಿಂದ 11 ಕಳೆದರೆ ಕೊನೆಯ ದಿನ. 26ರಿಂದ 30 ದಿನಗಳ ಚಕ್ರವಾದರೆ 8ನೇ ದಿನದಿಂದ 19ನೇ ದಿನದವರೆಗೆ. ಅಷ್ಟು ದಿನ ಗಂಡಹೆಂಡಿರು ಕೂಡಬಾರದು.

ಕ್ಯಾಲೆಂಡರ್ ಇಲ್ಲದ, ಓದು ಬರಹ ಬಾರದ ಮನೆಗಳಲ್ಲಿ ಈ ಲೆಕ್ಕ ಹೇಗೆ? ಸ್ಟೋನ್ ಒಂದು ಮಣಿಸರ ಮಾಡಿಸಿದರು. ಮುಟ್ಟಿನ ದಿನಗಳಿಗೆ ಕಿತ್ತಳೆ ಬಣ್ಣದ ಮಣಿ, ಸುರಕ್ಷಿತ ದಿನಗಳಿಗೆ ಹಸಿರು, ಮಗು ಆಗಬಹುದಾದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಸರಿಸಬೇಕು. ಜಪಸರ ಹಿಡಿದು ಬೆಳೆದ ನಮಗೆ ಇದರ ಜಾಣತನ ಥಟ್ಟನೆ ಹೊಳೆಯುತ್ತದೆ. ಬೆರಳೇ ಲೆಕ್ಕ ಇಡುತ್ತದೆ.

ಫಲ ಮಾತ್ರ ಸಿಗಲಿಲ್ಲ. ಕಲಿಯಲು ಆಸಕ್ತಿ ತೋರಿದವರು ಬಹಳ ಮಂದಿ, ಕೊನೆಯವರೆಗೆ ಅನುಸರಿಸಿದವರು ಬೆರಳೆಣಿಕೆಯಷ್ಟು. ಮಣಿಸರದ ಬಗ್ಗೆ ತಮಾಷೆಯ ಕಥೆಗಳು ಹುಟ್ಟಿಕೊಂಡು ಪ್ರಪಂಚ ಸುತ್ತಿದವು: ಕತ್ತಲಲ್ಲಿ ಕೆಂಪು ಯಾವುದು ಹಸಿರು ಯಾವುದು ತಿಳಿಯದೆ ಮಣಿಗಳ ಆಕಾರ ಬದಲಿಸಬೇಕಾಯಿತಂತೆ, ಕೆಲವರು ಅದನ್ನು ತಾಯಿತದಂತೆ ಕಟ್ಟಿಕೊಂಡು ನಿಶ್ಚಿಂತರಾದರಂತೆ, ಒಬ್ಬಾಕೆ ಕೆಂಪು ಮಣಿಗಳನ್ನೆಲ್ಲ ಒಂದೇ ಸಲ ಅತ್ತ ಸರಿಸಿಬಿಟ್ಟಳಂತೆ. ಹಳ್ಳಿಯ ಹೆಂಗಸಿಗೆ ಇಂಥದ್ದೆಲ್ಲ ತಿಳಿಯದು ಎಂಬುದಕ್ಕೆ ಈ ಕಥೆಗಳನ್ನೇ ಸಾಕ್ಷಿಯಾಗಿ ವರ್ಷಗಟ್ಟಲೆ ಹೇಳುತ್ತಾ ಬಂದರು.

ನನಗೆ ಈ ನಗು ಹಿಡಿಸುವುದಿಲ್ಲ. ಕಥೆ ಹೇಳಿದವರು ಯಾರು, ಯಾರ ಬಗ್ಗೆ ಎಂಬುದನ್ನು ಮೊದಲು ಕೇಳಿ ಎನ್ನುವುದೇ ಇತಿಹಾಸಕಾರರ ಪಾಠ. ಸ್ವಲ್ಪ ಯೋಚಿಸಿ. ಆ ಕಾಲದ ಹೆಂಗಸು ಕೂಸಿಗೆ ಒಂದೂವರೆ ಎರಡು ವರ್ಷ ಹಾಲೂಡುತ್ತಿದ್ದಳು. ಹಾಲೂಡುವಾಗ ಎಷ್ಟೋ ತಿಂಗಳು ಮುಟ್ಟೇ ಬರುವುದಿಲ್ಲ, ಬಂದರೂ ಏರುಪೇರು. ಎಣಿಸಲು ಚಕ್ರವೇ ಇಲ್ಲದ ಮೇಲೆ ಮಣಿ ಏನು ಮಾಡೀತು? ಒಂದೇ ಕೋಣೆಯ ಮನೆಯಲ್ಲಿ ಆ ಸರ ಕಂಡರೆ ಮಾವ ಮೈದುನರಿಗೂ ಅವಳ ದಿನಗಳು ತಿಳಿಯುತ್ತವೆ, ನಾಚಿಕೆಯಾಗದೆ ಇರುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮಣಿ ಕೊಟ್ಟದ್ದು ಅವಳ ಕೈಗೆ, 'ಇವತ್ತು ಬೇಡ' ಎನ್ನುವ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಕುಡಿದು ಬಂದ ಗಂಡನಿಗೆ ಕೆಂಪು ಮಣಿ ತೋರಿಸಿದರೆ ಕೇಳುತ್ತಾನೆಯೇ? ಅದೇ ವರ್ಷಗಳಲ್ಲಿ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರು ನಗರ ಮತ್ತು ಸುತ್ತಿನ ಹಳ್ಳಿಗಳಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ, ಇನ್ನು ಮಕ್ಕಳು ಸಾಕು ಎಂದ ತಾಯಂದಿರು ಕಡಿಮೆಯೇನಿರಲಿಲ್ಲ. ಹೆಂಗಸರಿಗೆ ಬುದ್ಧಿ ಇರಲಿಲ್ಲವೆಂಬ ಕಥೆ ಇಲ್ಲಿ ನಿಲ್ಲುವುದಿಲ್ಲ.

ಸುರಕ್ಷಿತ ದಿನಗಳ ಪ್ರಯೋಗ ಸೋತಿತು ಎಂದು ಬರೆದುಕೊಂಡ ಸರ್ಕಾರ ಬೇರೆ ದಾರಿ ಹಿಡಿಯಿತು. ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಅವರು 1949ರಲ್ಲಿ ಮುಂಬಯಿಯಲ್ಲಿ ಭಾರತ ಕುಟುಂಬ ಯೋಜನಾ ಸಂಘ ಕಟ್ಟಿದ್ದರು. ತಾಯಂದಿರ ನೋವು ಕಂಡೇ ಅವರು ಈ ಕೆಲಸಕ್ಕಿಳಿದವರು. ಆದರೆ ತಾಯಿಯ ಆರೋಗ್ಯದ ಮಾತು ನಿಧಾನವಾಗಿ ದೇಶದ ಜನಸಂಖ್ಯೆಯ ಮಾತಿನೊಳಗೆ ಕರಗಿಹೋಯಿತು. ಒಳ್ಳೆಯ ಉದ್ದೇಶದ ಮಹಿಳಾ ನಾಯಕಿಯರೇ ಆ ಯಂತ್ರಕ್ಕೆ ಎಣ್ಣೆ ಹಾಕಿದರು ಎಂಬುದು ಮೈಥಿಲಿ ಶ್ರೀನಿವಾಸ್ ಅವರ ಗ್ರಂಥದಿಂದ ಹೊಮ್ಮುವ ಕಹಿ ಸತ್ಯ. ಗೋಡೆಗಳ ಮೇಲೆ ಕೆಂಪು ತ್ರಿಕೋನ ಬಂತು, 'ಆರತಿಗೊಂದು ಕೀರ್ತಿಗೊಂದು' ಬಂತು. ಆರತಿ ಎತ್ತಲು ಮಗಳು, ಕೀರ್ತಿ ತರಲು ಮಗ! ನಾವೂ ಶಾಲೆಯಲ್ಲಿ ಅದನ್ನು ಹಾಡಿನಂತೆ ಹೇಳಿದವರೇ.

1968ರ ಜುಲೈ 25ರಂದು ಜಗದ್ಗುರು ಆರನೇ ಪೌಲರ 'ಹ್ಯುಮಾನೆ ವೀತೆ' ಪರಿಪತ್ರ ಬಂತು. ಅದರಲ್ಲಿ ಕೃತಕ ವಿಧಾನಗಳ ನಿಷೇಧವನ್ನು ಎಲ್ಲರೂ ಬಲ್ಲರು. ಈ ವಿಷಯದಲ್ಲಿ ಸರ್ಕಾರಗಳು ಪ್ರಜೆಗಳ ಮೇಲೆ ಬಲವಂತ ಮಾಡುವ ಅಪಾಯವಿದೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು ಎಂಬುದನ್ನು ಬಲ್ಲವರು ಕಡಿಮೆ. ಎಂಟೇ ವರ್ಷಗಳಲ್ಲಿ ಅದು ನಮ್ಮಲ್ಲಿ ನಿಜವಾಯಿತು. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಹಿಂದಿನ ವರ್ಷ ಅದು 27 ಲಕ್ಷದಷ್ಟಿತ್ತು. ಶಾಲಾ ಮೇಷ್ಟ್ರಿಗೂ ಇಷ್ಟು 'ಕೇಸು' ತರಬೇಕೆಂಬ ಗುರಿ. ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 1,774 ಸಾವುಗಳನ್ನು ಆಮೇಲೆ ಷಾ ಆಯೋಗ ದಾಖಲಿಸಿತು.

ಆ ವರ್ಷ ಚಾಕುವಿನ ಕೆಳಗೆ ಮಲಗಿದವರಲ್ಲಿ ಗಂಡಸರೇ ಹೆಚ್ಚು. 1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಗಂಡಸರ ಸಿಟ್ಟಿಗೆ ಮತದ ಬೆಲೆಯಿದೆ ಎಂದು ಎಲ್ಲ ಪಕ್ಷಗಳಿಗೂ ಗೊತ್ತಾಯಿತು. ಅಲ್ಲಿಂದ ಹೊರೆ ಹೆಂಗಸರ ಮೇಲೆ ಜಾರಿತು, ಇಂದಿಗೂ ಅಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ 'ಆಪರೇಷನ್' ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆ ಹೆಚ್ಚುಕಡಿಮೆ ಸೊನ್ನೆ. ಅದು ಹೆಂಗಸರದ್ದಕ್ಕಿಂತ ಸರಳ, ಅಪಾಯ ಕಡಿಮೆ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ತಾಸುಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆ ದಿನಗಳ ಶಿಬಿರಗಳಿಗೆ ಹೋದವರಲ್ಲಿ ಹದಿಮೂರು ಮಂದಿ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2016ರ ಸೆಪ್ಟೆಂಬರಿನಲ್ಲಿ. 2019-21ರ ಅದೇ ಸಮೀಕ್ಷೆಯಲ್ಲಿ ರಾಜ್ಯದ ತಾಯಿಗೆ ಸರಾಸರಿ 1.7 ಮಕ್ಕಳು, ಅಂದರೆ ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತಲೂ ಕಡಿಮೆ. 'ಜನ ಹೆಚ್ಚು' ಎಂದು ಹೇಳುತ್ತಿದ್ದ ಬಾಯಿಗಳೇ ಇತ್ತೀಚೆಗೆ 'ಇನ್ನೂ ಹೆರಿ' ಎನ್ನತೊಡಗಿವೆ. ಲೆಕ್ಕ ತಿರುಗಿದೆ, ಆಕೆಯನ್ನು ಕೇಳುವ ಅಭ್ಯಾಸ ಮಾತ್ರ ಇನ್ನೂ ಬಂದಿಲ್ಲ.

ನನಗೆ ಪರಿಚಯದ ಒಬ್ಬ ಅಜ್ಜಿ ಇದ್ದರು. ಕನಕಪುರದ ಕಡೆಯವರು, ಭಾನುವಾರದ ಬಲಿಪೂಜೆ ಒಂದನ್ನೂ ತಪ್ಪಿಸಿದವರಲ್ಲ. ಆದರೆ ಪರಮಪ್ರಸಾದಕ್ಕೆ ಎದ್ದು ಹೋಗುತ್ತಿರಲಿಲ್ಲ. ಮೂರನೇ ಹೆರಿಗೆಯಾದ ಮರುದಿನ, ಅವರಿಗೆ ಇಪ್ಪತ್ಮೂರು ವರ್ಷವಿದ್ದಾಗ, ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಪರೇಷನ್ ಮಾಡಿದ್ದರು. ಏನೆಂದು ಅವರಿಗೆ ತಿಳಿದದ್ದು ಊರಿಗೆ ಬಂದ ಮೇಲೆ. ತಾನು ಮಾಡದ ಪಾಪವನ್ನು ಹೊತ್ತುಕೊಂಡು ನಲವತ್ತು ವರ್ಷ ಬೆಂಚಿನ ತುದಿಯಲ್ಲೇ ಕುಳಿತರು. ಕೊನೆಗೆ ಪಾಪನಿವೇದನೆಯಲ್ಲಿ ಹೇಳಿಕೊಂಡಾಗ ಗುರುಗಳು, "ಇದರಲ್ಲಿ ನಿಮ್ಮ ಪಾಪ ಎಲ್ಲಿದೆ ಅಮ್ಮ?" ಎಂದರಂತೆ. ಅದನ್ನು ನನ್ನ ಶ್ರೀಮತಿಗೆ ಹೇಳುವಾಗ ಅವರು ಅಳಲಿಲ್ಲ. "ಮೊದಲೇ ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ" ಎಂದರು.

ಇನ್ನು ಮಣಿಸರದ ಕಥೆಗೆ ಒಂದು ಉತ್ತರಾರ್ಧವಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಯೇಸುಸಭೆಯ ಗುರುಗಳು ಕಟ್ಟಿದ್ದು. ಅಲ್ಲಿನ ಸಂಶೋಧಕರು 2000ದ ಸುಮಾರಿಗೆ ರಾಮನಗರದ ಲೆಕ್ಕವನ್ನೇ ಸರಳಗೊಳಿಸಿ ಹೊಸ ಮಣಿಸರವೊಂದನ್ನು ತಂದರು. ಚಕ್ರ 26ರಿಂದ 32 ದಿನಗಳೊಳಗಿದ್ದರೆ 8ರಿಂದ 19ನೇ ದಿನದವರೆಗೆ ಎಚ್ಚರ, ಅಷ್ಟೇ. ಬಾಣಂತಿಯರಿಗೆ, ಚಕ್ರ ಏರುಪೇರಾಗುವವರಿಗೆ ಇದು ಆಗದು ಎಂದು ಮೊದಲೇ ಹೇಳುತ್ತಾರೆ. ತಪ್ಪದೆ ಅನುಸರಿಸಿದರೆ ವರ್ಷಕ್ಕೆ ನೂರರಲ್ಲಿ ಐವರಿಗೆ, ಸಾಮಾನ್ಯ ಬಳಕೆಯಲ್ಲಿ ಹನ್ನೆರಡು ಮಂದಿಗೆ ಗರ್ಭ ನಿಲ್ಲಬಹುದು. ಎಚ್ಚರದ ದಿನಗಳ ಹನ್ನೆರಡು ಬಿಳಿ ಮಣಿಗಳು ಕತ್ತಲಲ್ಲಿ ಹೊಳೆಯುತ್ತವೆ! ರಾಮನಗರದ ಹೆಂಗಸರ ಬಗ್ಗೆ ನಕ್ಕವರಿಗೆ ಇದನ್ನು ತೋರಿಸಬೇಕು. ಕುಂದು ಅವರ ಬುದ್ಧಿಯಲ್ಲಿರಲಿಲ್ಲ, ಮಣಿಯಲ್ಲಿತ್ತು.

ಕಳೆದ ಸಲದ ಶಿಬಿರಕ್ಕೆ ನಾವೇ ಅಂಥದ್ದೊಂದು ಸರ ಪೋಣಿಸಿಕೊಂಡು ಹೋಗಿದ್ದೆವು. ಹೊಳೆಯುವ ಮಣಿ ಸಿಗಲಿಲ್ಲ, ಚಿಕ್ಕಪೇಟೆಯಲ್ಲಿ ಸಿಕ್ಕ ಸಾದಾ ಮಣಿಗಳೇ. ನನ್ನ ಶ್ರೀಮತಿ ಅದನ್ನು ಹುಡುಗಿಯರಿಗೆ ಕೊಡದೆ ಹುಡುಗರ ಸಾಲಿಗೆ ಕೊಟ್ಟು, "ಇವತ್ತು ಎಷ್ಟನೇ ದಿನ, ನೀವು ಹೇಳಿ" ಎಂದಳು. ಮೊದಲ ಹುಡುಗ ಎಣಿಸಿ ತಪ್ಪಿದ. ಎರಡನೆಯವನೂ ತಪ್ಪಿದ. ಮೂರನೆಯವನು ಪಕ್ಕಕ್ಕೆ ತಿರುಗಿ, ತಾನು ಮದುವೆಯಾಗಲಿದ್ದ ಹುಡುಗಿಯನ್ನು ಮೆಲ್ಲಗೆ ಕೇಳಿದ.